ಕೆಂಪು ವೈನಿನ ಒಗರು, ಕನ್ನಡದ ನಾಲಿಗೆ

ವೈನ್ ಬಾಟಲಿಯ ಹಿಂಬದಿಯ ಲೇಬಲನ್ನು ಒಂದು ಸಾಹಿತ್ಯ ಪ್ರಕಾರವೆಂದೇ ಓದಬೇಕು. ಪ್ರಕಾರಕ್ಕೆ ಬೇಕಾದ ಲಕ್ಷಣಗಳೆಲ್ಲ ಅದಕ್ಕಿವೆ: ಗೊತ್ತಾದ ಉದ್ದ, ಗೊತ್ತಾದ ಕ್ರಮ, ಗೊತ್ತಾದ ಉಪಮೆಗಳು. ಮೊದಲು ಬಣ್ಣ, ಆಮೇಲೆ ವಾಸನೆ, ಅನಂತರ ಬಾಯಿಯ ಅನುಭವ, ಕಡೆಗೆ ಯಾವ ಊಟದೊಡನೆ ಕುಡಿದರೆ ಒಳ್ಳೆಯದೆಂಬ ಫಲಶ್ರುತಿ. ದಕ್ಷಿಣ ಫ್ರಾನ್ಸಿನ ಗಡುಸು ಕೆಂಪು ವೈನಿನದಾದರೆ ಹೆಚ್ಚು ಕಡಿಮೆ ಹೀಗಿರುತ್ತದೆ: ಗಾಢ ಕೆನ್ನೀಲಿ ಬಣ್ಣ, ಬ್ಲ್ಯಾಕ್‌ಕರಂಟ್, ಬ್ಲ್ಯಾಕ್‌ಬೆರಿ, ಕಾಳುಮೆಣಸು, ಗರಿಗ್, ಚರ್ಮದ ವಾಸನೆ, ಬಾಯಿ ತುಂಬುವ ವೈನು, ಟ್ಯಾನಿನ್ ಬಲವಾಗಿದೆ, ಸುಟ್ಟ ಕುರಿಮಾಂಸ, ಬೇಟೆ ಮಾಂಸ, ಹಳೆಯ ಚೀಸ್ ಮತ್ತು 'ಸ್ಪೈಸಿ' ಏಷ್ಯನ್ ಅಡುಗೆಗೆ ಒಳ್ಳೆಯ ಜೋಡಿ.

ನಾಲ್ಕು ಭಾಗಗಳ ಈ ಕಿರುರಚನೆಯ ಬಗ್ಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣದ ಮಾತು ಸರಿ, ಆದರೆ ಅದು ಗಾಜಿನಲ್ಲೇ ಕಾಣುತ್ತದೆ. ವಾಸನೆಯ ಮಾತು ಬರೆದವರ ಬಾಲ್ಯದ ತೋಟದ್ದು, ನಮ್ಮದಲ್ಲ. ಬಾಯಿಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ಅದನ್ನೇ ಅತಿ ಚಿಕ್ಕದಾಗಿ ಮುಗಿಸುತ್ತಾರೆ. ಊಟದ ಮಾತಿನ ಕೊನೆಯ ಸಲಹೆ ತಪ್ಪು. ಮೂರನೆಯ ಭಾಗವನ್ನು ಬರೆಯಲು ಇಂಗ್ಲಿಷಿಗಿಂತ ಕನ್ನಡ ಹೆಚ್ಚು ಸಜ್ಜಾಗಿದೆ, ಮತ್ತು ಅದು ಸರಿಯಾದರೆ ನಾಲ್ಕನೆಯದು ತಾನಾಗಿ ಸರಿಹೋಗುತ್ತದೆ ಎಂಬುದು ನನ್ನ ವಾದ. ಕೋಲ್ಕತ್ತದ ದಕ್ಷಿಣದ ಅಂಚಿನಲ್ಲಿರುವ ಜೋಕಾದಲ್ಲಿ, ಒಂದು ಫ್ಲಾಟಿನ ಊಟದ ಮೇಜಿನ ಮೇಲೆ ಈ ವಾದವನ್ನು ಪರೀಕ್ಷೆಗೂ ಒಡ್ಡಿದೆವು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವೈನಿನ ಬಗ್ಗೆ. ದಕ್ಷಿಣ ಫ್ರಾನ್ಸಿನ ಕೆಂಪು ಎಂದರೆ ಒಂದೇ ವೈನ್ ಅಲ್ಲ. ರೋನ್ ನದಿಯ ಕೆಳಪಾತ್ರದಲ್ಲಿ ಶಾತೋನಫ್-ದು-ಪಾಪ್, ಜಿಗೊಂಡಾಸ್, ವಾಕೆರಾಸ್. ಮೆಡಿಟರೇನಿಯನ್ ಕರಾವಳಿಯಲ್ಲಿ ಬಾಂದೋಲ್. ಪಶ್ಚಿಮಕ್ಕೆ ಲಾಂಗ್ದಾಕ್ ಸೀಮೆಯ ಮಿನರ್ವ್ವಾ, ಕಾರ್ಬಿಯೇರ್. ದ್ರಾಕ್ಷಿ ತಳಿಗಳು ಮುಖ್ಯವಾಗಿ ಗ್ರೆನಾಶ್, ಸಿರಾ, ಮೂರ್ವೆದ್ರ್, ಕಾರಿನ್ಯಾನ್. ಬೆರಕೆಯೇ ಇಲ್ಲಿನ ಸಂಪ್ರದಾಯ. ಶಾತೋನಫ್‌ನ ನಿಯಮ 13 ತಳಿಗಳಿಗೆ ಅವಕಾಶ ಕೊಡುತ್ತದೆ. ಬಾಂದೋಲ್‌ನ ಕೆಂಪಿನಲ್ಲಿ ಕನಿಷ್ಠ ಅರ್ಧ ಮೂರ್ವೆದ್ರ್ ಇರಬೇಕು, ಅದು 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯಬೇಕು. ಬಿಸಿಲು ಹೆಚ್ಚು, ಬೇಸಿಗೆಯಲ್ಲಿ ಮಳೆ ಕಡಿಮೆ, ಉತ್ತರದಿಂದ ಮಿಸ್ಟ್ರಾಲ್ ಎಂಬ ಒಣಗಾಳಿ. ಹಣ್ಣು ಚೆನ್ನಾಗಿ ಮಾಗಿ ಸಕ್ಕರೆ ಏರುತ್ತದೆ. ಆ ಸಕ್ಕರೆಯೇ ಹುದುಗಿ ಮದ್ಯಸಾರ ಆಗುವುದರಿಂದ ಬಾಟಲಿಯ ಮೇಲೆ ಶೇ. 14, ಶೇ. 14.5 ಎಂದಿರುವುದು ಸಾಮಾನ್ಯ. ಹುಳಿ ಮಿತ. ಸಿಪ್ಪೆ, ಬೀಜಗಳಿಂದ ಇಳಿದ ಟ್ಯಾನಿನ್ ಧಾರಾಳ. ಹೆಚ್ಚು ಮದ್ಯಸಾರ, ಮಿತ ಹುಳಿ, ದಟ್ಟ ಟ್ಯಾನಿನ್: ಈ ಮೂರನ್ನು ನೆನಪಿಟ್ಟರೆ ಸಾಕು. ಊಟದ ಲೆಕ್ಕವೆಲ್ಲ ಇವುಗಳ ಮೇಲೆ ನಿಂತಿದೆ.

ಇನ್ನು ಲೇಬಲ್ಲಿನ ವಾಸನೆಗಳು. ಗರಿಗ್ ಎಂದರೆ ಆ ಸೀಮೆಯ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಬೆಳೆಯುವ ಕುರುಚಲು ಪೊದೆಗಾಡು. ಥೈಮ್, ರೋಸ್‌ಮೆರಿ, ಲ್ಯಾವೆಂಡರ್ ಬಿಸಿಲಿಗೆ ಕಾದು ಬಿಡುವ ವಾಸನೆ. ಅಲ್ಲಿ ಹುಟ್ಟಿದವರಿಗೆ ಆ ಒಂದು ಪದ ಸಾಕು. ನಮಗೆ ಅದು ಹೆಸರು ಮಾತ್ರ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಬೇಸಿಗೆಯ ಮಧ್ಯಾಹ್ನ ನಡೆದವರಿಗೆ ಕಾಡುತುಳಸಿ, ಲಂಟಾನ, ಕಾದ ಬಂಡೆ ಎಲ್ಲ ಕೂಡಿ ಬರುವ ಒಂದು ವಾಸನೆ ಗೊತ್ತಿರುತ್ತದೆ. ಅದು ಗರಿಗ್ ಅಲ್ಲ, ಆದರೆ ಅದೇ ಬಗೆಯ ಅನುಭವ. ಉಪಮೆ ಕೆಲಸ ಮಾಡುವುದು ಓದುಗನ ಮೂಗಿನಲ್ಲಿ ಮೊದಲೇ ಕೂತಿರುವ ನೆನಪಿನ ಬಲದಿಂದ. ನೆನಪೇ ಇಲ್ಲದ ಕಡೆ ಉಪಮೆ ಅಲಂಕಾರವಾಗಿ ಉಳಿಯುತ್ತದೆ.

ಈ ವಾಸನೆಯ ಭಾಷೆ ಎಷ್ಟು ಸುಲಭವಾಗಿ ಕಣ್ಣಿಗೆ ಸೋಲುತ್ತದೆ ಎಂಬುದಕ್ಕೆ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಪ್ರಸಿದ್ಧ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಒಂದು ಬಿಳಿ ವೈನನ್ನೇ ವಾಸನೆಯಿಲ್ಲದ ಬಣ್ಣ ಬೆರೆಸಿ ಕೆಂಪಾಗಿಸಿ ಕೊಟ್ಟರು. ಅವರು ಅದರ ವಾಸನೆಯನ್ನು ಕೆಂಪು ವೈನಿಗೆ ಮೀಸಲಾದ ಪದಗಳಲ್ಲೇ ಬಣ್ಣಿಸಿದರು. ಇದನ್ನು ಹೇಳಿ, ವೈನ್ ರುಚಿ ನೋಡುವವರೆಲ್ಲ ಬೂಟಾಟಿಕೆಯವರು ಎಂದು ನಗುವುದು ಸುಲಭ. ನನಗೆ ಕಾಣುವ ಪಾಠ ಬೇರೆ. ವಾಸನೆಯ ಪದಗಳು ಕಲಿತ ಪದಗಳು. ಬಣ್ಣ ನೋಡಿದ ಕೂಡಲೇ ಕಲಿತ ಪಟ್ಟಿ ತೆರೆದುಕೊಳ್ಳುತ್ತದೆ. ಹಾಗಿದ್ದಮೇಲೆ ಬೇರೆಯವರ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಅದನ್ನೇ ಅಭಿರುಚಿ ಎಂದು ಕರೆಯುವುದರಲ್ಲಿ ಅರ್ಥವಿಲ್ಲ.

ಕುಡಿದವನ ಕಥೆ, ಕುಡಿದದ್ದರದಲ್ಲ

ಕನ್ನಡದಲ್ಲಿ ಪಾನದ ಸಾಹಿತ್ಯ ಇಲ್ಲ ಎನ್ನುವಂತಿಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನಕ್ಕೂ ಜಾಗವಿದೆ, ಪಂಪನೂ ಅದನ್ನು ಬಿಟ್ಟಿಲ್ಲ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ತಾವು ಹೆಂಡ ಮುಟ್ಟದ ಜಿ.ಪಿ. ರಾಜರತ್ನಂ ಅವರು ಯೆಂಡ್ಕುಡ್ಕ ರತ್ನನನ್ನು ಕನ್ನಡದ ಮರೆಯಲಾಗದ ದನಿಗಳಲ್ಲಿ ಒಂದಾಗಿಸಿದರು. ಡಿ.ವಿ.ಜಿ.ಯವರ 'ಉಮರನ ಒಸಗೆ'ಯಲ್ಲಿ ಮಧುಪಾತ್ರೆ ತತ್ತ್ವದ ಪಾತ್ರೆಯಾಯಿತು. ಇಷ್ಟಿದ್ದೂ ಒಂದು ಕೊರತೆ ಎದ್ದು ಕಾಣುತ್ತದೆ. ಇಲ್ಲೆಲ್ಲ ವರ್ಣನೆಯ ಕೇಂದ್ರದಲ್ಲಿರುವುದು ಕುಡಿದವರು: ಅವರ ತೊದಲು, ಅವರ ಪ್ರೇಮ, ಅವರ ಬಡತನ, ಅವರ ವೇದಾಂತ. ರತ್ನ ಕುಡಿದ ಹೆಂಡ ಹುಳಿಯಿತ್ತೋ ಸಿಹಿಯಿತ್ತೋ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ, ಉಳಿಯುವುದು ರತ್ನ. ಕಾವ್ಯಕ್ಕೆ ಇದರಿಂದ ನಷ್ಟವೇನೂ ಆಗಿಲ್ಲ. ರುಚಿಯ ಭಾಷೆ ಮಾತ್ರ ಪಾನೀಯದ ಹತ್ತಿರ ಸುಳಿಯಲಿಲ್ಲ.

ಆ ಭಾಷೆ ಅಡುಗೆಮನೆಯಲ್ಲಿ ಬೆಳೆಯಿತು. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಪದ್ಯದಲ್ಲೇ ಬರೆದ. ಏನನ್ನು ಎಷ್ಟು ಹಾಕಿ, ಯಾವ ಹದಕ್ಕೆ ತಂದರೆ ಯಾವ ರುಚಿ ಎಂಬ ಶಿಸ್ತು ಅಲ್ಲಿದೆ. ವೈನಿನ ರುಚಿಯನ್ನು ಕನ್ನಡದಲ್ಲಿ ಹೇಳಬೇಕಾದರೆ ಮಧುಪಾನ ವರ್ಣನೆಯ ದಾರಿ ಬಿಟ್ಟು ಸೂಪಶಾಸ್ತ್ರದ ದಾರಿ ಹಿಡಿಯಬೇಕು. ಗಾಜಿನಲ್ಲಿರುವುದು ಮೊದಲು ಒಂದು ಆಹಾರ ಪದಾರ್ಥ. ಅದರ ಸಿಹಿ, ಹುಳಿ, ಕಹಿ, ಒಗರು ಎಷ್ಟೆಷ್ಟು ಎಂದು ಕೇಳಬೇಕು. ಉಳಿದದ್ದು ಆಮೇಲೆ.

ಕಾಚಿನ ಹೆಸರು

ಒಗರು ಎಂಬ ಪದ ನಮಗೆಷ್ಟು ಸಹಜವೆಂದರೆ ಅದರ ಬೆಲೆ ನಮಗೆ ಗೊತ್ತಿಲ್ಲ. ನಾವು ಆರು ರುಚಿಗಳ ಪಟ್ಟಿಯಲ್ಲಿ ಬೆಳೆದವರು. ಸಿಹಿ, ಹುಳಿ, ಉಪ್ಪು, ಖಾರ, ಕಹಿಯ ಜೊತೆ ಒಗರು ಅಲ್ಲಿ ಖಾಯಂ ಸದಸ್ಯ. ಬಾಳೆಕಾಯಿ, ನೆಲ್ಲಿಕಾಯಿ, ನೇರಳೆ, ಹಲಸಿನ ಎಳೆಗುಜ್ಜೆ, ಹಸಿ ಅಡಿಕೆ ಎಲ್ಲವೂ ಬೇರೆ ಬೇರೆ ಒಗರು. ಇಂಗ್ಲಿಷಿನಲ್ಲಿ ಇದಕ್ಕೆ ಮನೆಮಾತಿನ ಪದ ಸಿಕ್ಕುವುದು ಕಷ್ಟ. ಇರುವ ಪದ ಔಷಧಿ ಅಂಗಡಿಯ ಪದದಂತೆ ಕೇಳಿಸುತ್ತದೆ. ಅದಕ್ಕೇ ವೈನ್ ಬರಹಗಾರರು ಟ್ಯಾನಿನ್ನಿಗೆ ರೇಷ್ಮೆ, ಮಖಮಲ್ಲು, ಹಿಡಿತ, ಹಲ್ಲು, ಬೆನ್ನೆಲುಬು ಎಂದು ಉಪಮೆ ಹುಡುಕುತ್ತಾ ಅಲೆಯುತ್ತಾರೆ.

ಒಮ್ಮೆ ಒಂದು ಆಫೀಸ್ ಊಟದಲ್ಲಿ ಇಂಥದ್ದೇ ಕೆಂಪು ವೈನ್ ಬಂತು. ರಾಯಚೂರಿನ ಕಡೆಯ ಹುಡುಗನೊಬ್ಬ ಒಂದು ಗುಟುಕು ಕುಡಿದು, ನನ್ನ ಕಡೆ ತಿರುಗಿ, "ಸರ್, ಎಳೆ ಹುಣಸೆ ಬೀಜ ಅಗಿದಂಗ ಒಗರ ಐತ್ರಿ" ಎಂದ. ನಾನು ಅದನ್ನು ಇಂಗ್ಲಿಷಿನಲ್ಲಿ ಮೇಜಿಗೆ ಹೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕು ಗಾಜು ಕೆಳಗಿಟ್ಟ. ಐದು ನಿಮಿಷ ಬಿಟ್ಟು ಬಡಿಸುತ್ತಿದ್ದವರು ಬಂದು 'ಗ್ರಿಪ್ಪಿ ಟ್ಯಾನಿನ್ಸ್' ಎಂದಾಗ ಅದೇ ಮೇಜು ಗಂಭೀರವಾಗಿ ತಲೆಯಾಡಿಸಿತು. ಇಬ್ಬರೂ ಹೇಳಿದ್ದು ಒಂದೇ ಮಾತು. ಹುಡುಗ ಹೇಳಿದ್ದು ಹೆಚ್ಚು ನಿಖರವಾಗಿತ್ತು, ಏಕೆಂದರೆ ಅವನ ಮಾತಿನಲ್ಲಿ ಬೀಜವೂ ಇತ್ತು, ಅಗಿಯುವುದೂ ಇತ್ತು. ರುಚಿ ನೋಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಭಾಷೆಯ ಪ್ರಶ್ನೆಯಾಗುವುದು ಇಂಥ ಕಡೆ. ವಲಸೆ ಬಂದ ನಾವು ಉಡುಪು, ಉಚ್ಚಾರಣೆ ಎಲ್ಲ ಹೊಂದಿಸಿಕೊಳ್ಳುತ್ತೇವೆ, ಅದರಲ್ಲಿ ಅವಮಾನವೇನಿಲ್ಲ. ಆದರೆ ನಮ್ಮ ನಾಲಿಗೆ ಹೇಳಿದ್ದನ್ನು ನಾವೇ ನಂಬದಂತಾದರೆ ಕಳೆದುಕೊಳ್ಳುವುದು ದೊಡ್ಡದು.

ರಸಾಯನಶಾಸ್ತ್ರವೂ ಆ ಹುಡುಗನ ಪಕ್ಷದಲ್ಲಿದೆ. ದ್ರಾಕ್ಷಿಯ ಟ್ಯಾನಿನ್ ಕಟ್ಟಿಕೊಂಡಿರುವುದು ಕ್ಯಾಟೆಚಿನ್ ಮತ್ತು ಅದರ ಬಂಧುಗಳಿಂದ. ಕ್ಯಾಟೆಚಿನ್ ಎಂಬ ಹೆಸರು ಬಂದದ್ದು ಕ್ಯಾಟೆಚುವಿನಿಂದ, ಎಂದರೆ ನಾವು ಎಲೆಯಡಿಕೆಗೆ ಹಾಕುವ ಕಾಚಿನಿಂದ. ಕೋಲ್ಕತ್ತದ ಪಾನ್ ಅಂಗಡಿಯವನು ಇದನ್ನೇ ಖಯೇರ್ ಎನ್ನುತ್ತಾನೆ. ಬಾಂದೋಲ್ ಬಾಟಲಿಯ ಬೆನ್ನೆಲುಬಿಗೆ ನಮ್ಮ ಎಲೆ ತಟ್ಟೆಯ ಹೆಸರಿದೆ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿಸುತ್ತದೆ. ಬಾಯಿಯ ಜಾರುತನ ಹೋಗಿ ನಾಲಿಗೆ ಒರಟಾಗುತ್ತದೆ. ಆದ್ದರಿಂದ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಟ್ಯಾನಿನ್ನಿಗೆ ಹಿಡಿಯಲು ಬೇರೆ ಪ್ರೋಟೀನು, ಬಾಯಿಗೆ ಸವರಿಕೊಳ್ಳಲು ಒಂದಿಷ್ಟು ಕೊಬ್ಬು ಕೊಟ್ಟರೆ ಒಗರು ತಗ್ಗುತ್ತದೆ. ಬಂಗಾಳದಲ್ಲಿ ಹಾಲಿಲ್ಲದ ಚಹಾಕ್ಕೆ 'ಲಿಕರ್ ಚಾ' ಎನ್ನುತ್ತಾರೆ. ಚೆನ್ನಾಗಿ ಕುದಿಸಿದ ಲಿಕರ್ ಚಾ ಒಂದು ಗುಟುಕು, ಅದಕ್ಕೇ ಎರಡು ಚಮಚ ಹಾಲು ಹಾಕಿ ಇನ್ನೊಂದು ಗುಟುಕು ಕುಡಿದು ನೋಡಿ. ಕೆಂಪು ವೈನಿಗೂ ಕೊಬ್ಬಿನ ಮಾಂಸಕ್ಕೂ ಇರುವ ನಂಟು ಅಷ್ಟರಲ್ಲೇ ಗೊತ್ತಾಗುತ್ತದೆ. ವೈನ್ ಮುಟ್ಟದವರೂ ಈ ಪಾಠ ಕಲಿಯಬಹುದು.

'ಸ್ಪೈಸಿ' ಎಂಬ ಗೊಂದಲ

ಈಗ ಲೇಬಲ್ಲಿನ ದೊಡ್ಡ ತಪ್ಪಿಗೆ ಬರೋಣ. ದಕ್ಷಿಣ ಫ್ರಾನ್ಸಿನ ಕೆಂಪು 'ಸ್ಪೈಸಿ', ಭಾರತದ ಅಡುಗೆಯೂ 'ಸ್ಪೈಸಿ', ಆದ್ದರಿಂದ ಎರಡೂ ಜೋಡಿ ಎಂಬ ಸಲಹೆ ಎಷ್ಟೋ ಕಡೆ ಕಾಣುತ್ತದೆ. ಇದು ರುಚಿಯ ಅರಿವಲ್ಲ, ಬರಿಯ ಶ್ಲೇಷೆ. ಇಂಗ್ಲಿಷಿನ ಆ ಒಂದೇ ಪದದಲ್ಲಿ ಎರಡು ಅನುಭವಗಳು ಅಡಗಿ ಕೂತಿವೆ. ಕನ್ನಡ ಅವುಗಳನ್ನು ಯಾವತ್ತೋ ಬೇರೆ ಮಾಡಿದೆ: ಒಂದು ಮಸಾಲೆಯ ಘಮ, ಇನ್ನೊಂದು ಖಾರ. ಪಲಾವಿನಲ್ಲಿ ಘಮವಿದ್ದು ಖಾರ ಇಲ್ಲದಿರಬಹುದು. ಹಸಿಮೆಣಸಿನಕಾಯಿ ಬಜ್ಜಿಯಲ್ಲಿ ಖಾರವಿದ್ದು ಘಮ ಇಲ್ಲದಿರಬಹುದು.

ವೈನಿನಲ್ಲಿರುವುದು ಘಮ. ಸಿರಾ ದ್ರಾಕ್ಷಿಯ ಕಾಳುಮೆಣಸಿನ ವಾಸನೆ ಕವಿಕಲ್ಪನೆಯಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು ಎಂದು ತೋರಿಸಿದರು. ಮಲೆನಾಡಿನ ಕಾಳುಮೆಣಸಿಗೆ ಆ ವಾಸನೆ ಕೊಡುವುದೂ ಅದೇ ರೊಟಂಡೋನ್. ರೋಸ್‌ಮೆರಿ, ಥೈಮ್‌ಗಳಲ್ಲೂ ಅದಿದೆ. ಹೆಸರು ಬಂದದ್ದು ಸೈಪರಸ್ ರೊಟಂಡಸ್ ಎಂಬ ಕಳೆಯಿಂದ, ನಮ್ಮ ರೈತರು ಹೊಲದಲ್ಲಿ ಕಿತ್ತು ಕಿತ್ತು ಸುಸ್ತಾಗುವ ಕೊನ್ನಾರಿ ಗಡ್ಡೆಯಿಂದ. ಅದೇ ಸಂಶೋಧನೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ರುಚಿ ನೋಡಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯಲೇ ಇಲ್ಲ. ಲೇಬಲ್ ಕಾಳುಮೆಣಸು ಎಂದಾಗ ನಿಮ್ಮ ಮೂಗಿಗೆ ಏನೂ ಬರದಿದ್ದರೆ ನಿಮಗೆ ಸಂಸ್ಕಾರ ಇಲ್ಲವೆಂದಲ್ಲ. ಹುಟ್ಟಿನಿಂದಲೇ ನಿಮ್ಮ ಮೂಗು ಹಾಗಿರಬಹುದು.

ಮೆಣಸಿನಕಾಯಿಯ ಖಾರ ಬೇರೆಯೇ ಲೆಕ್ಕ. ಅದು ಬಾಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನು ಕೆರಳಿಸುತ್ತದೆ. ಮದ್ಯಸಾರ ಅದೇ ತುದಿಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಶೇ. 14.5ರ ವೈನನ್ನು ಬ್ಯಾಡಗಿ, ಗುಂಟೂರು ಎರಡೂ ಬಿದ್ದ ಸಾರಿನ ಮೇಲೆ ಸುರಿದರೆ ಉರಿ ಏರುತ್ತದೆ, ಉರಿಯುವ ಬಾಯಿಗೆ ಒಗರು ಕಹಿಯಂತೆ ಕಾಣುತ್ತದೆ, ಹಣ್ಣಿನ ರುಚಿ ಮಾಯವಾಗುತ್ತದೆ. ಸಾರಿಗೂ ಅನ್ಯಾಯ, ವೈನಿಗೂ ಅನ್ಯಾಯ.

ಜೋಕಾದ ಮೇಜು

ಪರೀಕ್ಷೆಯ ದಿನ ನಾವು ಆರು ಮಂದಿ. ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಗೆಳೆಯ, ಧಾರವಾಡದ ದಂಪತಿ, ಮೈಸೂರಿನ ಒಬ್ಬರು, ನಾನು, ಮತ್ತು ಪಕ್ಕದ ಮನೆಯ ಬಂಗಾಳಿ ಬೌದಿ. ಇಬ್ಬರು ಕುಡಿಯುವವರಲ್ಲ, ಅವರಿಗೆ ಲಿಕರ್ ಚಾ. ಒಂದು ವಾಕೆರಾಸ್, ಒಂದು ನಂದಿ ತಪ್ಪಲಿನ ಲಾ ರಿಸರ್ವ್. ಲೇಬಲ್ ಓದುವುದು ಕೊನೆಗೆ ಎಂಬುದೊಂದೇ ನಿಯಮ.

1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆನ್ ನೋಬಲ್ ವೈನಿನ ವಾಸನೆಗಳ ಒಂದು ಚಕ್ರವನ್ನು ರೂಪಿಸಿದರು. ಅದರ ಒಳ್ಳೆಯ ಗುಣವೆಂದರೆ, ಪ್ರತಿ ಪದಕ್ಕೂ ಎದುರಿಗಿಟ್ಟು ಮೂಸಬಹುದಾದ ಒಂದು ವಸ್ತು ಬೇಕೆಂಬ ಹಟ. ನಾವೂ ಹಾಗೇ ಮಾಡಿದೆವು. ನೀರಲ್ಲಿ ಕರಗಿಸಿದ ಚಿಟಿಕೆ ಖಯೇರ್, ಜಜ್ಜಿದ ಕಾಳುಮೆಣಸು, ಅತಿಮಧುರದ ಕಡ್ಡಿ, ಹೊಗೆಸೊಪ್ಪು, ನೇರಳೆ ಹಣ್ಣು, ಧಾರವಾಡದವರ ಹೊಸ ಅಥಣಿ ಚಪ್ಪಲಿ. ಅತಿಮಧುರವನ್ನು ಲೇಬಲ್ಲುಗಳು ಲಿಕರಿಸ್ ಎನ್ನುತ್ತವೆ, ನಾವು ಅದನ್ನು ವಿದೇಶಿ ಮಿಠಾಯಿ ಎಂದು ತಿಳಿಯುತ್ತೇವೆ. ಕೆಮ್ಮಿಗೆ ಅಜ್ಜಿ ಬಾಯಿಗೆ ಕೊಡುತ್ತಿದ್ದ ಕಡ್ಡಿ ಅದು.

ಮೊದಲ ಗುಟುಕಿಗೆ ಶಿರಸಿಯ ಗೆಳೆಯ, "ಚೊಗರು ಮಾರಾಯ, ಅಡಿಕೆ ಬೇಯಿಸಿದ ಚೊಗರು" ಎಂದ. ಬೌದಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು "ಕಷಾ" ಎಂದರು. ಬಂಗಾಳಿಯಲ್ಲಿ ಕಷಾ ಎಂದರೆ ಒಗರು, ನಮ್ಮ ಷಡ್ರಸದ ಕಷಾಯದ ಮನೆಯದೇ ಪದ. ಅವರು ತಂದಿದ್ದ ಮಾಂಸದ ಹೆಸರೂ ಕಷಾ ಮಾಂಶೊ. ಅಲ್ಲಿ ಕಷಾ ಎಂದರೆ ಮಸಾಲೆಯೊಡನೆ ಹುರಿದು ಹುರಿದು ನೀರಿಂಗಿಸುವುದು. ಒಂದೇ ಬರಹ, ಒಂದೇ ಉಚ್ಚಾರ, ಎರಡು ಅರ್ಥ. 'ಸ್ಪೈಸಿ' ಶ್ಲೇಷೆ ಜನರನ್ನು ದಾರಿ ತಪ್ಪಿಸಿದರೆ, ಈ ಶ್ಲೇಷೆ ಸರಿದಾರಿ ತೋರಿಸಿತು.

ಆ ದಿನದ ಅತ್ಯುತ್ತಮ ಜೋಡಿ ಅದೇ ಆಗಿತ್ತು. ಕಷಾ ಮಾಂಶೊ ನಿಧಾನದ ಅಡುಗೆ: ಸಾಸಿವೆ ಎಣ್ಣೆ, ರಾಶಿ ಈರುಳ್ಳಿ, ಮೊಸರು, ಗರಂ ಮಸಾಲೆ, ಚಿಟಿಕೆ ಸಕ್ಕರೆ. ಬೌದಿಯ ಕೈಯಲ್ಲಿ ಖಾರ ಕಡಿಮೆ, ಮಾಂಸದಲ್ಲಿ ಕೊಬ್ಬು ಚೆನ್ನಾಗಿತ್ತು. ಒಂದು ತುತ್ತಿನ ಮೇಲೆ ವಾಕೆರಾಸ್‌ನ ಒಗರು ಮೆತ್ತಗಾಗಿ ನೇರಳೆ ಹಣ್ಣಿನ ರುಚಿ ಮುಂದೆ ಬಂತು. ಪ್ರೊವಾನ್ಸಿನಲ್ಲಿ ಗೋಮಾಂಸವನ್ನು ಕೆಂಪು ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸುವ ದೋಬ್ ಎಂಬ ಅಡುಗೆ ಇದೆ. ನಿಧಾನ ಬೆಂಕಿ, ಕೊಬ್ಬು, ಗಾಢ ಗೊಜ್ಜು: ತರ್ಕ ಎರಡು ಕಡೆಯೂ ಒಂದೇ.

ಮೈಸೂರಿನವರ ಕಾಳುಮೆಣಸಿನ ಮಟನ್ ಫ್ರೈ ಎರಡನೆಯದು. ತಟ್ಟೆಯ ಘಮಕ್ಕೆ ಗಾಜಿನ ಘಮ ಉತ್ತರ ಕೊಟ್ಟಂತಿತ್ತು. ಅಚ್ಚರಿ ತಂದದ್ದು ಧಾರವಾಡದ ಎಣಗಾಯ್. ಬದನೆಕಾಯಿಗೆ ತುಂಬಿದ ಶೇಂಗಾ, ಗುರೆಳ್ಳು, ಎಳ್ಳಿನ ಎಣ್ಣೆಯಂಶವೇ ಮಾಂಸದ ಕೊಬ್ಬಿನ ಕೆಲಸ ಮಾಡಿತು. ಜೋಳದ ರೊಟ್ಟಿಯ ಮೇಲಿನ ಬೆಣ್ಣೆ ಉಳಿದದ್ದನ್ನು ನೋಡಿಕೊಂಡಿತು. ಕೆಂಪು ಖಾರ ಅರ್ಧಕ್ಕಿಳಿಸಿ ಮಾಡಿದ್ದರು ಎಂಬುದನ್ನು ಮರೆಯಬಾರದು. ಗಡುಸು ಕೆಂಪು ವೈನ್ ಮಾಂಸಾಹಾರಿಗಳದ್ದು ಮಾತ್ರ ಎಂಬ ನಂಬಿಕೆಗೆ ಅಲ್ಲಿ ಉತ್ತರವಿದೆ.

ಸೋತವೂ ಇವೆ. ಬಿಸಿಬೇಳೆಬಾತಿನ ಹುಣಸೆ ಹುಳಿಯ ಮುಂದೆ ಮಿತ ಹುಳಿಯ ಈ ವೈನು ಸಪ್ಪೆಯಾಯಿತು. ಸರ್ಷೆ ಇಲಿಶ್ ಜೊತೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಇದು ನಮ್ಮ ಕಲ್ಪನೆಯಲ್ಲ. ಮೀನಿನೊಡನೆ ಈ ಕೆಟ್ಟ ವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶ ಕಾರಣವೆಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಮಿಷ್ಟಿ ದೊಯಿ ಮುಟ್ಟಿದ ಮೇಲೆ ವೈನು ಬರಿಯ ಹುಳಿ, ಕಹಿ. ಮೇಜಿನ ಮೇಲಿರದಿದ್ದರೂ ಕೊಡಗಿನ ಪಂದಿ ಕರಿಯ ಮಾತು ಬಂತು. ಹಂದಿಯ ಕೊಬ್ಬು, ಹುರಿದ ಮಸಾಲೆ, ಕಾಳುಮೆಣಸು ಮೂರೂ ಈ ವೈನಿಗೆ ಹೇಳಿ ಮಾಡಿಸಿದಂತಿವೆ. ಕಾಚಂಪುಳಿ ಮಾತ್ರ ಹಿತಮಿತವಾಗಿರಬೇಕು.

ಇನ್ನೊಂದು ಮಾತು. 'ರೂಮ್ ಟೆಂಪರೇಚರ್' ಎಂಬ ಸೂಚನೆ ಯುರೋಪಿನ ತಣ್ಣನೆಯ ಕಲ್ಲುಮನೆಯದು. 32 ಡಿಗ್ರಿಯ ಕೋಲ್ಕತ್ತದ ಕೋಣೆಯಲ್ಲಿ ಗಾಜಿನಿಂದ ಮೊದಲು ಏಳುವುದು ಮದ್ಯಸಾರದ ಘಾಟು. ಈ ವೈನಿಗೆ ಹೊಂದುವುದು 16ರಿಂದ 18 ಡಿಗ್ರಿ. ಒಂದು ಗಂಟೆ ಮೊದಲೇ ತೆರೆದು ಅಗಲ ಬಾಯಿಯ ಜಗ್ಗಿಗೆ ಬಗ್ಗಿಸಿ, ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಡಿ.

ನಂದಿಯ ತಪ್ಪಲು

ಎರಡನೆಯ ಬಾಟಲಿ ನಮ್ಮ ಊರಿನದು. 1988ರಲ್ಲಿ ಕನ್ವಲ್ ಗ್ರೋವರ್ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದರು. 1990ರ ದಶಕದಲ್ಲಿ ಬೋರ್ಡೋದ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಲಾ ರಿಸರ್ವ್ ಎಂಬ ಕೆಂಪು ಕ್ಯಾಬರ್ನೆ ಸಾವಿನ್ಯೋನ್ ಮತ್ತು ಶಿರಾಜ್‌ಗಳ ಬೆರಕೆ, ಶಿರಾಜ್ ಎಂದರೆ ಸಿರಾದ ಇನ್ನೊಂದು ಹೆಸರು. ಈ ಬೆರಕೆ ದಕ್ಷಿಣ ಫ್ರಾನ್ಸಿಗೆ ಹೊಸದಲ್ಲ. ಪ್ರೊವಾನ್ಸಿನ ಹೆಸರಾಂತ ತ್ರೆವಲೋನ್ ತೋಟದ ಕೆಂಪು ಇವೆರಡರ ಸುಮಾರು ಅರ್ಧರ್ಧ. ಆದರೆ 13 ಡಿಗ್ರಿ ಅಕ್ಷಾಂಶದ ನಂದಿಯಲ್ಲಿ ಬಳ್ಳಿ ಚಳಿಗೆ ನಿದ್ದೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಸವರಿ, ಕೊಯ್ಲನ್ನು ಒಣ ತಿಂಗಳುಗಳಿಗೆ ತಂದು ನಿಲ್ಲಿಸುತ್ತಾರೆ. ನಮ್ಮ ಮೇಜಿನ ಮೇಲೆ ಇದರ ಒಗರು ವಾಕೆರಾಸ್‌ಗಿಂತ ತುಸು ಹಗುರ, ಹುಳಿ ತುಸು ಮುಂದೆ. ಎಣಗಾಯ್ ಜೊತೆ ಇದೇ ಮೇಲಾಯಿತು.

ಧಾರವಾಡದ ಗೆಳತಿ ಎರಡನ್ನೂ ಮೂಸಿ, "ದ್ರಾಕ್ಷಿ ವಾಸನೀನ ಇಲ್ಲಲ್ರಿ ಇದರಾಗ" ಎಂದರು. ಸರಿಯಾದ ಮಾತು. ನಮಗೆ ದ್ರಾಕ್ಷಿ ವಾಸನೆ ಎಂದರೆ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ವಾಸನೆ. ಅದು ಅಮೆರಿಕದ ಲಾಬ್ರುಸ್ಕಾ ವಂಶದ್ದು. ಆ ಘಾಟು ಪರಿಮಳ ಯುರೋಪಿನ ವೈನ್ ತಳಿಗಳಲ್ಲಿ ಇರುವುದಿಲ್ಲ. ಇಂಥ ಮಾತು ಯಾವ ಲೇಬಲ್ಲಿನಲ್ಲೂ ಬರಲಾರದು.

ಈ ಬಾಟಲಿಯ ಹಿಂದೆ ಇನ್ನೊಂದು ಕಥೆಯೂ ಇದೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ 2007ರದ್ದೇ. ಸಾರಾಯಿಯಿಂದ ಹಾಳಾದ ಮನೆಗಳನ್ನು ಕಂಡವರು ಆ ನಿಷೇಧವನ್ನು ಸುಲಭವಾಗಿ ಟೀಕಿಸಲಾರರು, ನಾನೂ ಟೀಕಿಸುವುದಿಲ್ಲ. ಆದರೆ ಒಂದು ಕುಡಿತ ಪಿಡುಗು, ಇನ್ನೊಂದು ಕುಡಿತ ಸಂಸ್ಕೃತಿ ಎಂಬ ವಿಂಗಡಣೆಯಲ್ಲಿ ಭಾಷೆಯ ಪಾಲು ದೊಡ್ಡದು. ಸಾರಾಯಿಗೆ ಬೈಗುಳ ಇತ್ತು, ವೈನಿಗೆ ರುಚಿ ಟಿಪ್ಪಣಿ ಇದೆ. ಅದೇ ಕಾರಣಕ್ಕೆ ಆ ಟಿಪ್ಪಣಿಯನ್ನು ವಿಮರ್ಶೆಯ ಕಣ್ಣಿನಿಂದ ಓದಬೇಕು: ಅದು ರುಚಿಯನ್ನು ಹೇಳುತ್ತಿದೆಯೋ, ದರ್ಜೆಯನ್ನೋ?

ಬ್ಲ್ಯಾಕ್‌ಕರಂಟ್ ಅಳಿಸಿ ನೇರಳೆ ಬರೆದರೆ ಕೆಲಸ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಪಟ್ಟಿ ಬದಲಾಗುತ್ತದೆ, ಬಾಯಿಪಾಠದ ಚಾಳಿ ಬದಲಾಗುವುದಿಲ್ಲ. ಮಂಡ್ಯದ ನೇರಳೆ ಬೀದರಿನವರಿಗೆ ಬೇರೆಯಾಗಿ ಕಾಣಬಹುದು. ವಾಸನೆಯಲ್ಲಿ ಒಬ್ಬೊಬ್ಬರ ಊರು ಒಂದೊಂದು, ಅಲ್ಲಿ ಭಿನ್ನಮತ ಇರಲಿ. ಒಗರು, ಹುಳಿ, ಖಾರಗಳಲ್ಲಿ ಮಾತ್ರ ನಾವೆಲ್ಲ ಒಂದೇ ಅಳತೆಗೋಲು ಹಿಡಿದವರು. ಟಿಪ್ಪಣಿ ಅಲ್ಲಿಂದ ಶುರುವಾಗಬೇಕು, ಊಟದಲ್ಲಿ ಮುಗಿಯಬೇಕು. ಲೇಬಲ್ಲು ಹಿಡಿದ ಕ್ರಮವನ್ನು ತಿರುವಿ, ಆ ದಿನದ ವಾಕೆರಾಸ್‌ಗೆ ನಾನು ಬರೆದದ್ದು ಇದು:

ಒಗರು ಜೋರು, ಹಸಿ ಅಡಿಕೆಯಷ್ಟಲ್ಲ, ಎಳೆ ಹುಣಸೆ ಬೀಜದಷ್ಟು. ಹುಳಿ ಹಿಂದೆ. ಗಂಟಲಲ್ಲಿ ಬಿಸಿ ಇದೆ, ತಣ್ಣಗೆ ಕುಡಿದರೆ ತಗ್ಗುತ್ತದೆ. ನೇರಳೆ, ಕಾಳುಮೆಣಸು, ಕಡೆಗೆ ಸ್ವಲ್ಪ ಅತಿಮಧುರ. ಕೊಬ್ಬಿರುವ, ನಿಧಾನಕ್ಕೆ ಬೆಂದ, ಖಾರ ಕಡಿಮೆಯ ಅಡುಗೆಗೆ. ಹುಣಸೆ ಹುಳಿ, ಮೀನು, ಸಿಹಿ ಬೇಡ.